ಅಕ್ಕನ ನಾಯಿಗೆ ಸಿಕ್ಕ ಜಾಗ

ಅಕ್ಕನ ಸುದ್ದಿಯ ತಂತಿ ಬಂದದ್ದು ಕಾರ್ಖಾನೆಯ ವಿಳಾಸಕ್ಕೆ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಆಗ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟರ್. ಊಟದ ಬಿಡುವಿನಲ್ಲಿ ನಮ್ಮ ಶೆಡ್ಡಿನ ಮೇಲಧಿಕಾರಿಗಳು ಕರೆದು ಕಾಗದವನ್ನು ಕೈಗಿಟ್ಟರು. ಅಕ್ಕನ ಸ್ಥಿತಿ ಗಂಭೀರ, ಕೂಡಲೇ ಹೊರಡಿ ಎಂದಿತ್ತು. ತಂತಿಯಲ್ಲಿ ಗಂಭೀರ ಎಂದು ಬಂದರೆ ಏನರ್ಥ ಅನ್ನುವುದು ಆ ಕಾಲದ ಎಲ್ಲರಿಗೂ ಗೊತ್ತಿತ್ತು. ನಾನು ಡಬ್ಬಿಯಲ್ಲಿ ಉಳಿದಿದ್ದ ರೊಟ್ಟಿಯನ್ನು ಪೂರ್ತಿ ತಿಂದೆ. ಹಾಗೇಕೆ ಮಾಡಿದೆ ಎಂದು ಇವತ್ತಿಗೂ ತಿಳಿಯುವುದಿಲ್ಲ. ಕೈ ತೊಳೆದುಕೊಂಡ ಮೇಲೆ ರಜೆಯ ಅರ್ಜಿ ಬರೆದೆ.

ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾಲ್ಕು. ಬೀದರ್ ಕಡೆಯ ಒಂದು ಹಳ್ಳಿ ನಮ್ಮದು. ಅಪ್ಪ ತಾಲೂಕಿನ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನನ್ನ ತಲೆಗೆ ಎಣ್ಣೆ ಹಚ್ಚಿದವಳು, ಹುಣ್ಣಿಗೆ ಅರಿಶಿನ ಇಟ್ಟವಳು, ಪಾಟಿಯ ಮೇಲೆ ನನ್ನ ಕೈ ಹಿಡಿದು ತಿದ್ದಿಸಿದವಳು ಅಕ್ಕನೇ. ನಾನು ಸ್ವಲ್ಪ ದೊಡ್ಡವನಾಗಲಿ ಎಂದು ಅವಳ ಮದುವೆ ಮುಂದೆ ಮುಂದೆ ಹೋಯಿತು. ಕೊನೆಗೆ ಔರಂಗಾಬಾದಿನ ಒಂದು ಬಟ್ಟೆ ಅಂಗಡಿಯ ಗುಮಾಸ್ತನಿಗೆ ಕೊಟ್ಟರು. ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತಾರಲ್ಲ, ಅದೇ ಊರು. ಬೀದರ್ ಮತ್ತು ಔರಂಗಾಬಾದ್ ಎರಡೂ ನಿಜಾಮನ ರಾಜ್ಯದಲ್ಲಿದ್ದ ಕಾಲ ಅದು. ಅಷ್ಟು ದೂರ ಕೊಟ್ಟೆವು ಅಂತ ಯಾರಿಗೂ ಅನ್ನಿಸಿರಲಿಲ್ಲ. ಮುಂದೆ ರಾಜ್ಯಗಳು ಬೇರೆಯಾದವು, ಅಪ್ಪ ಹೋದರು, ಭಾವನೂ ಹೋದರು. ಅಕ್ಕನಿಗೆ ಮಕ್ಕಳಿರಲಿಲ್ಲ. ಗುಲ್ಮಂಡಿ ಹತ್ತಿರದ ಒಂದು ಓಣಿಯಲ್ಲಿ ಒಂದೇ ಕೋಣೆಯಲ್ಲಿದ್ದುಕೊಂಡು ರವಿಕೆ, ಲಂಗ ಹೊಲಿದು ಬದುಕಿದಳು.

ಸಾಯುವ ಹಿಂದಿನ ವರ್ಷ ಅವಳು ನನಗೊಂದು ಕಾಗದ ಬರೆದಿದ್ದಳು. ದಪ್ಪ ದಪ್ಪ ಅಕ್ಷರ, ಮಾತಾಡಿದ ಹಾಗೇ ಬರೆಯುವ ರೂಢಿ.

'ತಮ್ಮಾ, ಇಲ್ಲಿ ಒಬ್ಬಾಕಿಗೇ ಇರಲಿಕ್ಕ ಆಗವಲ್ದು. ನಮ್ಮ ಮಾತು ಆಡವ್ರು ಓಣ್ಯಾಗ ಯಾರೂ ಇಲ್ಲ. ನಿಮ್ಮ ಮನ್ಯಾಗ ಒಂದು ಮೂಲಿ ಇದ್ರ ಹೇಳು, ಬಂದು ಬಿದ್ದಿರ್ತೀನಿ. ಮಷಿನ್ ತರ್ತೀನಿ, ನಿಮಗ ಭಾರ ಆಗಂಗಿಲ್ಲ. ಒಂದು ನಾಯಿ ಅದ. ಅದೂ ಬರ್ತದ.'

ಆಗ ನಾವು ನಾಸಿಕ್‌ನ ಪಂಚವಟಿಯಲ್ಲಿ ಅಂಗಳದ ಸುತ್ತ ಕಟ್ಟಿದ ಒಂದು ಹಳೆಯ ವಾಡೆಯ ಮಾಳಿಗೆಯಲ್ಲಿದ್ದೆವು. ಎರಡು ಕೋಣೆ. ನಾನು, ಹೆಂಡತಿ, ಆರು ವರ್ಷದ ಮಗಳು, ತೊಟ್ಟಿಲಲ್ಲಿ ಮಗ. ಕಾಗದವನ್ನು ಓಝರ್‌ಗೆ ಹೋಗುವ ಬಸ್ಸಿನಲ್ಲಿ ಓದಿದೆ, ಮಧ್ಯಾಹ್ನ ಕಾರ್ಖಾನೆಯಲ್ಲೇ ಕೂತು ಉತ್ತರ ಬರೆದೆ. ಹೆಂಡತಿಗೆ ತೋರಿಸಲಿಲ್ಲ, ಹೇಳಲೂ ಇಲ್ಲ. ಉತ್ತರದಲ್ಲಿ ಹೀಗೆ ಬರೆದಿದ್ದೆ: 'ನನಗೆ ನಿನ್ನನ್ನು ಕರೆದುಕೊಂಡು ಬರಬೇಕೆಂದೇ ಇದೆ. ಆದರೆ ಮನೆಯವಳು ಒಪ್ಪುವುದಿಲ್ಲ. ಅವಳಿಗೆ ಇನ್ನೊಬ್ಬರ ಜೊತೆ ಹೊಂದಿಕೊಂಡು ಗೊತ್ತಿಲ್ಲ. ಅದರ ಮೇಲೆ ನಾಯಿ ಎಂದರೆ ಮನೆಯೇ ಬಿಟ್ಟು ಹೋದಾಳು. ಕ್ವಾರ್ಟರ್ಸ್ ಸಿಗಲಿ, ನಾನೇ ಬಂದು ಕರೆದೊಯ್ಯುತ್ತೇನೆ.'

ಅದರಲ್ಲಿ ಹೆಂಡತಿಯ ಬಗ್ಗೆ ಬರೆದದ್ದು ಒಂದೂ ನಿಜವಲ್ಲ. ಬೇಡವಾಗಿದ್ದದ್ದು ನನಗೆ. ಕಾರ್ಖಾನೆಯ ಸಂಬಳ, ಭಾನುವಾರ ಗೆಳೆಯರೊಂದಿಗೆ ಇಸ್ಪೀಟು, ಅಲ್ಲಿ ಗಂಗೆ ಎಂದೇ ಕರೆಯುವ ಗೋದಾವರಿಯ ಘಾಟಿನ ಮೇಲೆ ಮಕ್ಕಳ ಜೊತೆ ಸಂಜೆ, ಇಷ್ಟರಲ್ಲಿ ನಾನೊಬ್ಬ ದೊಡ್ಡ ಮನುಷ್ಯನಾಗಿದ್ದೆ. ಅಕ್ಕ ಬಂದರೆ ಮತ್ತೆ ತಮ್ಮನಾಗಬೇಕಿತ್ತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು.

ಅಕ್ಕ ಮರುಟಪಾಲಿನಲ್ಲಿ ಎರಡೇ ಸಾಲು ಬರೆದಳು. 'ಆಯ್ತು ತಮ್ಮಾ. ಮಕ್ಕಳಿಗಿ ಮುದ್ದು ಹೇಳು.' ಆಮೇಲೆ ಆ ಮಾತು ಎತ್ತಲಿಲ್ಲ.

ನಾಸಿಕ್ ರೋಡಿನಲ್ಲಿ ಗಾಡಿ ಹತ್ತಿ, ಮನಮಾಡ್‌ನಲ್ಲಿ ಸಣ್ಣ ಹಳಿಯ ಗಾಡಿಗೆ ಬದಲಾಯಿಸಿ, ಮರುದಿನ ಬೆಳಿಗ್ಗೆ ಅವಳ ಓಣಿ ಮುಟ್ಟಿದೆ. ಹೊರಗೆ ನಾಲ್ಕಾರು ಮಂದಿ ನಿಂತಿದ್ದರು. ನಮ್ಮ ಸಮಾಜದ ಇಬ್ಬರು ಹಿರಿಯರು ಎಲ್ಲ ಸಿದ್ಧ ಮಾಡಿಕೊಂಡು ನನಗಾಗಿ ಕಾಯುತ್ತಿದ್ದರು. ಅಕ್ಕನ ಮುಖ ಅರಿಶಿನ ಬಳಿದ ಹಾಗೆ ಹಳದಿಯಾಗಿತ್ತು, ಕಾಮಾಲೆ ಅಂದರು. ಮಧ್ಯಾಹ್ನದೊಳಗೆ ಊರ ಹೊರಗಿನ ನಮ್ಮವರ ರುದ್ರಭೂಮಿಯಲ್ಲಿ ಮಣ್ಣು ಕೊಟ್ಟು ಬಂದೆವು. ಹಿರಿಯರು ತಮ್ಮ ಮನೆಗೆ ಕರೆದರು. ನಾನು ಹೋಗಲಿಲ್ಲ. ಅಕ್ಕನ ಕೋಣೆಗೆ ವಾಪಸ್ಸು ಬಂದೆ.

ಆಗ ಆ ನಾಯಿಯನ್ನು ಸರಿಯಾಗಿ ನೋಡಿದೆ. ಕಂದು ಬಣ್ಣ, ಎದೆ ಬಿಳಿ, ಎಡಗಿವಿಯ ತುದಿ ಹರಿದಿತ್ತು. ಹೆಣ್ಣುನಾಯಿ. ಅಷ್ಟು ಜನ ಬಂದು ಹೋದರೂ ಅದು ತನ್ನ ಜಾಗ ಬಿಟ್ಟು ಎದ್ದಿರಲಿಲ್ಲ.

ಆ ಜಾಗದ ಮುಂದೆ ನಾನು ಎಷ್ಟು ಹೊತ್ತು ಕೂತೆನೋ. ಕಿಟಕಿಯ ಎದುರಿನ ಮೂಲೆ, ಅಂದರೆ ಬಾಗಿಲಿನ ಗಾಳಿ ನೇರ ಬಡಿಯದ, ಆದರೆ ಬೆಳಿಗ್ಗೆ ಒಂದಿಷ್ಟು ಬಿಸಿಲು ಬೀಳುವ ಮೂಲೆ. ನೆಲಕ್ಕೆ ಸೆಗಣಿ ಸಾರಿಸಿತ್ತು. ಎರಡು ಸಾಲು ಇಟ್ಟಿಗೆ, ಮೇಲೊಂದು ಹಲಗೆ. ಮಳೆಗಾಲದಲ್ಲಿ ನೆಲದ ಥಂಡಿ ಏರಬಾರದೆಂದು. ಹಲಗೆಯ ಮೇಲೆ ಒಣಹುಲ್ಲು ತುಂಬಿದ ಗೋಣಿ, ಗೋಣಿಯ ಕೆಳಗೆ ಚಿಗಟ, ಉಣ್ಣೆ ಆಗದಿರಲಿ ಎಂದು ಬೇವಿನ ಎಲೆ. ಅದರ ಮೇಲೆ ಒಂದು ಪುಟ್ಟ ಕೌದಿ. ಗಿರಾಕಿಗಳ ರವಿಕೆಯಲ್ಲಿ ಉಳಿದ ತುಂಡುಗಳನ್ನೆಲ್ಲ ಸೇರಿಸಿ ನಾಯಿಯ ಅಳತೆಗೇ ಹೊಲಿದಿದ್ದಳು. ನಾಲ್ಕು ಮೂಲೆಗೂ ಲಾಡಿ. ಒಗೆಯಲು ಬಿಚ್ಚಬೇಕು, ಮತ್ತೆ ಕಟ್ಟಬೇಕು. ಬಾಗಿಲಿನ ಕೆಳಗಿನ ಹಲಗೆಯಲ್ಲಿ ನಾಯಿಯ ಕಣ್ಣಿನ ಎತ್ತರಕ್ಕೆ ಒಂದು ಕಿಂಡಿ ಕೊರೆಸಿದ್ದಳು, ಮಲಗಿದಲ್ಲಿಂದಲೇ ಓಣಿ ನೋಡಲಿಕ್ಕೆ. ಪಕ್ಕದಲ್ಲಿ ಅಕ್ಕನ ಹಾಸಿಗೆ ಇತ್ತು. ನೆಲದ ಮೇಲೆ ಒಂದು ಚಾಪೆ, ಒಂದು ಹರಿದ ಜಮಖಾನೆ.

ಪಕ್ಕದ ಮನೆಯ ಮುದುಕಿ ಬಾಗಿಲಲ್ಲಿ ಬಂದು ನಿಂತಳು. ಅಕ್ಕನನ್ನು ಆಸ್ಪತ್ರೆಗೆ ಒಯ್ದವಳೂ ತಂತಿ ಮಾಡಿಸಿದವಳೂ ಅವಳೇ. ಮುಸಲ್ಮಾನರ ಹೆಣ್ಣುಮಗಳು, ನಾಯಿಯನ್ನು ಮುಟ್ಟುವುದಿಲ್ಲ. ಆದರೂ ಅಕ್ಕ ಆಸ್ಪತ್ರೆಯಲ್ಲಿದ್ದ ಕೊನೆಯ ಎರಡು ದಿನ ರೊಟ್ಟಿಯ ತಟ್ಟೆಯನ್ನು ಕೋಲಿನಿಂದ ದೂಡಿ ದೂಡಿ ಅದರ ಮುಂದಿಟ್ಟಿದ್ದಳು. ದಖನಿ ಉರ್ದುವಿನಲ್ಲಿ ಮಾತಾಡಿದಳು. ನಮಗೆ ಬೀದರಿನವರಿಗೆ ಅದು ಹೊಸದಲ್ಲ.

"ಮರಿ ಇದ್ದಾಗ ಟಾಂಗಾದ ಗಾಲಿಗೆ ಸಿಕ್ಕಿತ್ತು ಬೇಟಾ. ಕಾಲಿಗೆ ಪಟ್ಟಿ ಕಟ್ಟಿ ಉಳಿಸಿದಳು ನಿನ್ನ ಅಕ್ಕ. ಇಡೀ ದಿನ ಅದರ ಜೊತೆ ಮಾತು. ನಿಮ್ಮ ಭಾಷೆಯಲ್ಲೇ. ನಮಗೇನೂ ತಿಳೀತಿರಲಿಲ್ಲ, ಅದಕ್ಕೆ ಎಲ್ಲಾ ತಿಳೀತಿತ್ತು."

"ಅದರ ಹೆಸರೇನು?" ಎಂದೆ.

ಅವಳು ಯೋಚಿಸಿದಳು. "ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಏನೋ ಅನ್ನುತ್ತಿದ್ದಳು, ನಿಮ್ಮ ಮಾತಿನಲ್ಲಿ."

ಆಮೇಲೆ ಅವಳೇ ಮುಂದುವರಿಸಿದಳು. "ಎಂಟು ದಿನ ಬಿದ್ದಿದ್ದಳು. ಭಾಯಿಗೆ ತಂತಿ ಕೊಡಿಸ್ಲಾ ಅಂತ ಮೊದಲನೇ ದಿನವೇ ಕೇಳಿದೆ. ಬೇಡ ಅಂದಳು. ತಮ್ಮನ ಹೆಂಡತಿಗೆ ನಾನು ಸೇರೋದಿಲ್ಲ, ಅವನಿಗೆ ಮನೆಯಲ್ಲಿ ತೊಂದರೆ ಆಗುತ್ತೆ ಅಂದಳು. ಪ್ರಜ್ಞೆ ತಪ್ಪಿದ ಮೇಲೆ ನಾನೇ ಕೊಡಿಸಿದೆ."

ನಾನು ತಲೆ ಎತ್ತಲಿಲ್ಲ. ಆ ಸುಳ್ಳನ್ನು ಅಲ್ಲೂ ತಿದ್ದಲಿಲ್ಲ.

ಅವಳು ಹೋದ ಕೂಡಲೇ ಅಕ್ಕನ ಟ್ರಂಕು ಬಿಚ್ಚಿದೆ. ಸೀರೆಯ ಮಡಿಕೆ ಮಡಿಕೆ ಹುಡುಕಿದೆ. ಭಾವನ ಹಳೆಯ ಕೋಟಿನ ಜೇಬು ಹುಡುಕಿದೆ. ದೇವರ ಗೂಡಿನಲ್ಲಿ ವಿಭೂತಿ ಡಬ್ಬಿಯ ಹಿಂದೆ ನೋಡಿದೆ. ನನ್ನ ಆ ಕಾಗದ ಎಲ್ಲೂ ಇರಲಿಲ್ಲ. ಸುಟ್ಟಿರಬೇಕು ಅಂದುಕೊಂಡೆ. ಅಕ್ಕ ಸತ್ತ ಮರುದಿನ ನಾನು ಅನುಭವಿಸಿದ ಒಂದೇ ಒಂದು ಸಮಾಧಾನ ಅದು.

ನಾಯಿಯನ್ನು ಓಣಿಯಲ್ಲೇ ಬಿಟ್ಟು ಬರಬಹುದಿತ್ತು. ಹಿರಿಯರೂ ಹಾಗೇ ಅಂದರು. ಆದರೆ ಮುದುಕಿ ಕೇಳಿದಳು, "ಇದನ್ನು ಒಯ್ಯುತ್ತೀಯಲ್ಲ ಬೇಟಾ?" ಜಾಗ ಇಲ್ಲ ಎಂದು ಎರಡನೇ ಸಲ ಹೇಳಲು ನನಗೆ ಬಾಯಿ ಬರಲಿಲ್ಲ. ಇಟ್ಟಿಗೆ ಎಣಿಸಿಕೊಂಡೆ, ಹಲಗೆಯ ಉದ್ದಗಲ ದಾರದಿಂದ ಅಳೆದು ಗಂಟು ಹಾಕಿಕೊಂಡೆ. ಕೌದಿ ಬಿಚ್ಚಿ ಮಡಚಿದೆ. ಟ್ರಂಕು, ಹೊಲಿಗೆ ಮಷಿನ್ನು, ನಾಯಿ ಇಷ್ಟನ್ನು ಹಿಡಿದು ಸ್ಟೇಶನ್ನಿಗೆ ಬಂದೆ.

ಆ ಕಾಲದ ಗಾಡಿಗಳಲ್ಲಿ ಗಾರ್ಡಿನ ಡಬ್ಬಿಯೊಳಗೆ ನಾಯಿಗೆಂದೇ ಕಬ್ಬಿಣದ ಒಂದು ಗೂಡು ಇರುತ್ತಿತ್ತು. ಟಿಕೀಟು ಮಾಡಿಸಿ ಅದರೊಳಗೆ ಬಿಟ್ಟೆ. ಮೊದಲ ಒಂದೆರಡು ಸ್ಟೇಶನ್ನಿನ ತನಕ ಕೇಳುತ್ತಿದ್ದ ಕುಂಯ್ ಕುಂಯ್ ಆಮೇಲೆ ನಿಂತಿತು. ಮನಮಾಡ್‌ನಲ್ಲಿ ಇಳಿಸಿಕೊಂಡಾಗ ಅದರ ಬಾಯಲ್ಲಿ ನೊರೆ ಬಂದಿತ್ತು. ನೀರು ಹಿಡಿದರೆ ಮುಖ ತಿರುಗಿಸಿತು. ಮುಂದಿನ ಗಾಡಿಗೆ ಮೂರು ತಾಸು. ಟ್ರಂಕಿನ ಹಿಡಿಕೆಗೆ ಕಟ್ಟಿ ಪಕ್ಕದಲ್ಲಿ ಕೂತೆ. ಅದು ನನ್ನ ಕಾಲು ಮೂಸಿ ನೋಡಿತು. ಅಕ್ಕನ ವಾಸನೆ ನನ್ನಲ್ಲಿ ಎಲ್ಲಾದರೂ ಇದ್ದೀತೇ ಅಂತ ಇರಬೇಕು. ಆಮೇಲೆ ದೂರ ಸರಿದು, ಹಗ್ಗ ಎಷ್ಟು ಉದ್ದವೋ ಅಷ್ಟು ದೂರ, ನನಗೆ ಬೆನ್ನು ಹಾಕಿ ಕೂತಿತು.

ಮನೆ ಮುಟ್ಟಿದಾಗ ಹೆಂಡತಿ ಮೆಟ್ಟಿಲ ಮೇಲೇ ಅಳುತ್ತ ಕೂತಿದ್ದಳು. ನಾಯಿಯನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಕ್ಕಾರ ನಾಯಿ ಏನ್ರಿ?"

"ಹೂಂ."

"ಭಾಳ ಸೊರಗ್ಯದ. ಒಮ್ಮೆನಾದ್ರೂ ಅಕ್ಕಾರಿಗಿ ಇಲ್ಲಿ ಕರ್ಕೊಂಡು ಬರಬೇಕಿತ್ತು ನೋಡ್ರಿ. ನಾಲ್ಕ್ ದಿನ ಮಕ್ಕಳ ಜೋಡಿ ಇರ್ತಿದ್ರು. ನಾನರೆ ಯಾಕ ಅನ್ಲಿಲ್ಲೋ ಏನೋ."

ನಾನು ಟ್ರಂಕು ಒಳಗಿಟ್ಟೆ. ಮಷಿನ್ನನ್ನು ಕಿಟಕಿಯ ಬಳಿ ಇಟ್ಟೆ.

ಮಾಳಿಗೆಯ ಮೇಲೆ ನಾಯಿಗೆ ಜಾಗ ಮಾಡುವುದು ಆಗದ ಮಾತು. ವಾಡೆಯ ಒಡತಿ ಕೆಳಗಿದ್ದಳು. ಒಬ್ಬಂಟಿ ಮರಾಠಿ ಮುದುಕಿ, ಮಡಿ ಮೈಲಿಗೆ ನೋಡುವವಳು. ಅಂಗಳದಲ್ಲಿ ಒಂದು ಮೂಲೆ ಕೊಟ್ಟರೆ ಸಾಕು ಅಂತ ಹೆದರುತ್ತಲೇ ಕೇಳಲು ಹೋದೆ. ಅಕ್ಕ ಸತ್ತ ವಿಷಯ, ನಾಯಿ ತಂದ ವಿಷಯ ಹೇಳಿದೆ. ಅವಳು ಸೊಂಟದ ಕೀಲಿಗೊಂಚಲು ತೆಗೆದು ಮಾಳಿಗೆಯ ಮೆಟ್ಟಿಲ ಹಿಂದೆ ನಡೆದಳು. ಅಲ್ಲೊಂದು ಬಾಗಿಲಿತ್ತು. ಐದು ವರ್ಷದಿಂದ ಆ ಮೆಟ್ಟಿಲು ಹತ್ತಿ ಇಳಿದಿದ್ದೆ, ಆ ಬಾಗಿಲನ್ನು ನೋಡಿರಲಿಲ್ಲ. ಕೀಲಿ ತಿರುಗಿಸಿದಳು. ಒಳಗೆ ಒಂದು ಕೋಣೆ. ಅಂಗಳದ ಕಡೆಗೆ ಕಿಟಕಿ, ಸುಣ್ಣದ ಗೋಡೆ, ಗೋಡೆಯಲ್ಲಿ ದೇವರ ಗೂಡು. ಒಂದು ಮಂಚ ಹಾಕಿ ಪಕ್ಕದಲ್ಲಿ ಹೊಲಿಗೆ ಮಷಿನ್ನು ಇಟ್ಟರೂ ಓಡಾಡಲು ಜಾಗ ಉಳಿಯುತ್ತಿತ್ತು. ಮೂಲೆಯಲ್ಲಿ ನಾಲ್ಕು ಸೌದೆ ಬಿಟ್ಟರೆ ಪೂರ್ತಿ ಖಾಲಿ.

"ನನ್ನ ಅತ್ತೆ ಕೊನೆಗಾಲದಲ್ಲಿ ಇಲ್ಲಿದ್ದರು" ಎಂದಳು ಮರಾಠಿಯಲ್ಲಿ. "ಆಮೇಲೆ ಖಾಲಿಯೇ ಬಿದ್ದಿದೆ. ನಾಯಿಯನ್ನು ಇಲ್ಲೇ ಇಟ್ಟುಕೋ. ನಿನ್ನ ಅಕ್ಕ ಒಬ್ಬಳೇ ಇದ್ದಳು ಅಂತೀಯ. ಯಾಕೆ ಕರೆತರಲಿಲ್ಲ?"

"ಜಾಗ ಇರಲಿಲ್ಲ, ಆಜಿ."

ಅವಳು ನನ್ನ ಮುಖ ನೋಡಿದಳು. "ವಿಚಾರಾಯಚಂ ನಾ! ಕೇಳಬೇಕಿತ್ತಲ್ಲ. ಇದನ್ನೇ ಕೊಡುತ್ತಿದ್ದೆ. ನನಗೂ ಒಬ್ಬಳು ಜೊತೆಯಾಗುತ್ತಿದ್ದಳು."

ಕೀಲಿಯನ್ನು ನನ್ನ ಕೈಯಲ್ಲಿಟ್ಟು ಹೋದಳು. ನಾನು ಆ ಖಾಲಿ ಕೋಣೆಯ ನೆಲದ ಮೇಲೆ ಕೂತೆ. ಅಂಗಳದಲ್ಲಿ ಮಗಳು ನಾಯಿಯನ್ನು ಮರಾಠಿಯಲ್ಲಿ ಕರೆಯುತ್ತಿದ್ದದ್ದು ಕೇಳುತ್ತಿತ್ತು.

ಮರುದಿನದಿಂದ ಕೆಲಸ ಹಿಡಿದೆ. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ತುಂಡು ತಿರಸ್ಕಾರವಾಗುತ್ತಿತ್ತು. ಅಳತೆ ನನ್ನ ಕಸುಬು. ದಾರದ ಗಂಟು ಹಿಡಿದು ಸಾಗವಾನಿ ಹಲಗೆ ಕೊಯ್ಯಿಸಿ, ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದೆ. ಎಷ್ಟು ಇಟ್ಟಿಗೆ ಇದ್ದವೋ ಅಷ್ಟೇ ಇಟ್ಟೆ. ಬೇವಿನ ಎಲೆ, ಹುಲ್ಲು ತುಂಬಿದ ಗೋಣಿ, ಮೇಲೆ ಅಕ್ಕನ ಕೌದಿ, ನಾಲ್ಕು ಲಾಡಿಗೆ ನಾಲ್ಕು ಗಂಟು. ಬೆಳಿಗ್ಗೆ ಬಿಸಿಲು ಎಲ್ಲಿ ಬೀಳುತ್ತದೆಂದು ಎರಡು ದಿನ ನೋಡಿ ಜಾಗ ಗೊತ್ತು ಮಾಡಿದೆ. ಆಜಿಯನ್ನು ಕೇಳಿ ಬಾಗಿಲಲ್ಲಿ ಕಿಂಡಿಯನ್ನೂ ಕೊರೆದೆ.

ನಾಯಿ ಒಳಗೆ ಬರಲಿಲ್ಲ. ಎತ್ತಿ ಕೂರಿಸಿದರೆ ಇಳಿದು ಹೋಗಿ ವಾಡೆಯ ದೊಡ್ಡ ಬಾಗಿಲಿಗೆ ಮುಖ ಮಾಡಿ ಕೂರುತ್ತಿತ್ತು. ಮಳೆ ಬಂತು. ತೊಯ್ಯುತ್ತ ಕೂತಿತು. ಬಾಗಿಲ ದಿಕ್ಕು ಸರಿಯಿಲ್ಲವೇನೋ ಎಂದು ಹಲಗೆ ತಿರುಗಿಸಿದೆ. ಶಹಾಬಾದ್ ಕಲ್ಲಿನ ನೆಲ ಕೊರೆಯುತ್ತದೇನೋ ಎಂದು ಸೆಗಣಿ ತಂದು ನಾನೇ ಸಾರಿಸಿದೆ. ಹಾಲು ಇಟ್ಟೆ, ಇರುವೆ ಮುತ್ತಿತು. ಐದು ದಿನವಾದರೂ ಅದು ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಆರನೆಯ ದಿನ ಸಂಜೆ ನಾನು ಬಸ್ಸಿಳಿದು ಬಂದಾಗ ಮಗಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. "ಯೇ, ಇಕಡೇ ಯೇ, ಬಸ್" ಎಂದು, ಇಲ್ಲಿ ಬಾ, ಕೂತುಕೋ ಎಂದು ಮರಾಠಿಯಲ್ಲಿ ಗೋಗರೆಯುತ್ತಿದ್ದಳು. ಅದು ಕಿವಿ ಸಹ ಆಡಿಸಲಿಲ್ಲ.

ಬಟ್ಟೆ ಒಗೆಯುತ್ತಿದ್ದ ಹೆಂಡತಿ ಅಲ್ಲಿಂದಲೇ ಕೂಗಿದಳು. "ಬಾರವ್ವಾ, ಒಳಗ ಬಾ. ಮಕ್ಕೋ ಬಾ ನನ್ನವ್ವ."

ನಾಯಿ ಎದ್ದಿತು. ಅವಳ ಕಡೆಗೆ ನೋಡಿತು. ಅವಳು ಕೈ ಒರೆಸಿಕೊಂಡು ಕೋಣೆಯೊಳಗೆ ಹೋಗಿ ಮತ್ತೆ "ಮಕ್ಕೋ ಬಾ" ಅಂದಳು. ಅದು ತಲೆ ತಗ್ಗಿಸಿ ಅವಳ ಹಿಂದೆ ಹೋಯಿತು. ಹಲಗೆ ಹತ್ತಿ, ಕೌದಿಯ ಮೇಲೆ ಮೂರು ಸುತ್ತು ತಿರುಗಿ, ಮೂತಿಯನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿತು.

ಬೀದರ್ ಕಡೆಯ ಹೆಣ್ಣಿನ ದನಿ ಅದಕ್ಕೆ ಬೇಕಿತ್ತು, ಅಷ್ಟೇ. ಆ ಇಡೀ ಓಣಿಯಲ್ಲಿ ಅಕ್ಕನಿಗೆ ತನ್ನ ಭಾಷೆಯಲ್ಲಿ ಮಾತಾಡಲು ಉಳಿದಿದ್ದ ಒಂದೇ ಜೀವ ಆ ನಾಯಿ ಅನ್ನುವುದು ನನಗೆ ಆಗ ಎದೆಗೆ ಇಳಿಯಿತು. ಹೆಂಡತಿ ಅದರ ಬೆನ್ನು ಸವರುತ್ತ ನಗುತ್ತಿದ್ದಳು. ಮಗಳೂ ನಗುತ್ತಿದ್ದಳು. ನಾನು ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ.

ಅಲ್ಲಿಂದ ಒಂದು ತಿಂಗಳು ಆಗಿರಬೇಕು. ಭಾನುವಾರ ಮಧ್ಯಾಹ್ನ. ನಾಯಿ ಚೇತರಿಸಿಕೊಂಡಿತ್ತು. ಕೌದಿ ಒಗೆದಾಗ ಹಾಸಲಿಕ್ಕೆ ಇನ್ನೊಂದು ಬೇಕು ಅಂತ ಹೆಂಡತಿ ತನ್ನ ಹಳೆಯ ಸೀರೆ ಕತ್ತರಿಸಿಕೊಂಡು ಅಕ್ಕನ ಮಷಿನ್ನಿನ ಮುಂದೆ ಕೂತಳು. ನಾನು ಒಳಕೋಣೆಯಲ್ಲಿ ಮಗನನ್ನು ತೂಗುತ್ತಿದ್ದೆ. ಮಷಿನ್ನಿನ ಸದ್ದು ಸ್ವಲ್ಪ ಹೊತ್ತು ಕೇಳಿತು, ನಿಂತಿತು. ದಾರ ಮುಗಿದಿರಬೇಕು ಅಂದುಕೊಂಡೆ. ಬಹಳ ಹೊತ್ತು ಸದ್ದೇ ಇಲ್ಲ. ಹೊರಗೆ ಬಂದೆ.

ಮಷಿನ್ನಿನ ಪಕ್ಕದ ಸಣ್ಣ ಖಾನೆ ತೆರೆದಿತ್ತು. ಉಂಡೆ ದಾರ, ಗುಂಡಿ, ಸೂಜಿಯ ಡಬ್ಬಿ ಎಲ್ಲ ಹೊರಗೆ ತೆಗೆದಿಟ್ಟಿತ್ತು. ಅವಳ ಕೈಯಲ್ಲಿ ಒಂದು ನೀಲಿ ಅಂತರ್ದೇಶೀಯ ಕಾಗದ. ಟ್ರಂಕು, ಕೋಟು, ದೇವರ ಗೂಡು ಎಲ್ಲ ಹುಡುಕಿದ್ದ ನಾನು, ಅಕ್ಕ ದಿನಾ ಕೈ ಹಾಕುತ್ತಿದ್ದ ಆ ಖಾನೆಯನ್ನು ನೋಡಿರಲಿಲ್ಲ.

"ಇದು ನಿಮ್ಮ ಅಕ್ಷರ ಅಲ್ಲೇನ್ರಿ?"

ಅವಳು ಕಾಗದವನ್ನು ನನ್ನ ಕಡೆ ಹಿಡಿದಳು.

"ನನಗ ಯಾವಾಗ ಕೇಳಿದ್ರಿ?"

"ಕೇಳಿಲ್ಲ."

"ಅಕ್ಕಾರು ಕಾಗದ ಬರದಿದ್ದು ನನಗ ಗೊತ್ತೇ ಇಲ್ಲ."

"ಇಲ್ಲ. ನಾ ಹೇಳ್ಲಿಲ್ಲ."

ಅವಳು ಕಾಗದವನ್ನು ಮತ್ತೆ ಓದಿದಳು, ತುಟಿ ಆಡಿಸುತ್ತ, ಪ್ರತಿ ಅಕ್ಷರ. ಅವಳು ಚೀರಾಡಿದ್ದರೆ ನಾನು ಕಾಲು ಹಿಡಿಯುತ್ತಿದ್ದೆನೋ ಏನೋ. ಅವಳು ಚೀರಲಿಲ್ಲ.

"ಕೇಳಿದ್ರ ನಾ ಏನಂತಿದ್ದೆ, ಗೊತ್ತೇನ್ರಿ ನಿಮಗ?"

"ಬರ್ಲಿ ಅಂತಿದ್ದಿ" ಎಂದೆ. ಅದು ಅವಳನ್ನು ಸಮಾಧಾನ ಮಾಡಲು ಆಡಿದ ಮಾತು.

"ನನಗೇ ಗೊತ್ತಿಲ್ಲ" ಅಂದಳು. "ಎರಡು ಖೋಲಿ, ಎದಿ ಮ್ಯಾಲ ಕೂಸು. ಬ್ಯಾಡ ಅಂತಿದ್ದೆನೋ ಏನೋ. ಅಂದಿದ್ರ ಆ ಪಾಪ ನನ್ನದು ಆಗ್ತಿತ್ತು, ನಾ ಹೊತ್ಕೋತಿದ್ದೆ. ನೀವು ಅದನ್ನೂ ನನಗ ಬಿಡ್ಲಿಲ್ಲ. ಅಕ್ಕಾರು ನನ್ನ ಮ್ಯಾಲ ಏನು ಇಟ್ಕೊಂಡು ಹೋದ್ರೋ... ಈಗ ಯಾರ ಹಂತ್ಯಾಕ ಹೋಗಿ ನಾ ಅಲ್ಲ ಅಂತ ಹೇಳ್ಲಿ?"

ತಪ್ಪಾಯಿತು ಎಂದೆ. ಎರಡು ಸಲ ಎಂದೆ. ಅವಳು ಕಾಗದ ಮಡಚಿ, ಎಲ್ಲಿತ್ತೋ ಆ ಖಾನೆಯಲ್ಲೇ ಇಟ್ಟು ಮುಚ್ಚಿದಳು. ದಾರ ಪೋಣಿಸಿ ಹೊಲಿಯುವುದನ್ನು ಮುಂದುವರಿಸಿದಳು. ಸಂಜೆಯೊಳಗೆ ನಾಯಿಯ ಎರಡನೆಯ ಕೌದಿ ಮುಗಿಯಿತು.

ಅದಾದ ಮೇಲೆ ನಮ್ಮ ಮನೆಯಲ್ಲಿ ಜಗಳ ಆಗಲಿಲ್ಲ. ಅಡುಗೆ ಆಗುತ್ತಿತ್ತು, ಡಬ್ಬಿ ಸಿದ್ಧವಾಗುತ್ತಿತ್ತು, ಹಬ್ಬಕ್ಕೆ ಹೋಳಿಗೆ ಆಗುತ್ತಿತ್ತು. ಆದರೆ ಅವಳ ಮಾತೆಲ್ಲ ಕೆಳಗಿನ ಕೋಣೆಗೆ ಇಳಿಯಿತು. ಮಧ್ಯಾಹ್ನ ಕೆಲಸ ಮುಗಿಸಿ ಮಗುವನ್ನೆತ್ತಿಕೊಂಡು ಅಲ್ಲಿ ಹೋಗಿ ಕೂರುತ್ತಿದ್ದಳು. ಕಾಳು ಆರಿಸುತ್ತ, ಸೊಪ್ಪು ಸೋಸುತ್ತ ನಾಯಿಯ ಜೊತೆ ಮಾತಾಡುತ್ತಿದ್ದಳು. ತವರಿನ ಸುದ್ದಿ, ಆಜಿಯ ಮಂಡಿನೋವು, ಮಗಳ ಶಾಲೆ. ರಜೆಯ ದಿನ ನಾನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ನಾನು ಇಳಿದು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. "ಚಾ ಬೇಕೇನ್ರಿ?" ಎಂದು ಕೇಳುತ್ತಿದ್ದಳು, ಬಂದವರನ್ನು ಕೇಳುವ ಹಾಗೆ.

ಕನ್ನಡ ತಿಳಿದರೂ ಮಾತಾಡಲು ಒಲ್ಲೆ ಎನ್ನುತ್ತಿದ್ದ ಮಗಳು ನಾಯಿಗಾಗಿ ಕನ್ನಡ ಆಡಲು ಕಲಿತಳು. "ಬಾರವ್ವಾ", "ಉಣ್ಣು", "ಯಾಕ ಸಿಟ್ಟು?" ಎಂದು ತಪ್ಪಿಲ್ಲದೆ ಆಡತೊಡಗಿದಳು. ಕೇಳಿದವರು ಮೆಚ್ಚುತ್ತಿದ್ದರು. ನನಗೆ ಮಾತ್ರ ಅವಳ ಬಾಯಲ್ಲಿ ಅಕ್ಕನ ದನಿ ಕೇಳಿದಂತಾಗಿ ಎದ್ದು ಹೊರಗೆ ಹೋಗಬೇಕೆನಿಸುತ್ತಿತ್ತು.

ನಾಯಿ ಸುಖವಾಗಿತ್ತು, ಅದನ್ನು ಹೇಳಲೇಬೇಕು. ಮೈ ತುಂಬಿಕೊಂಡಿತು. ಬೇಸಿಗೆಯಲ್ಲಿ ಆಜಿಯೇ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಿದ್ದಳು. ಕಿಂಡಿಯಲ್ಲಿ ಅಂಗಳ ನೋಡುತ್ತ ಅರ್ಧ ಕಣ್ಣು ಮುಚ್ಚಿ ಮಲಗಿರುತ್ತಿತ್ತು. ವರುಷವಾದ ಮೇಲೆ ನನ್ನನ್ನು ಕಂಡರೂ ಬಾಲ ಆಡಿಸಲು ಸುರು ಮಾಡಿತು. ಒಂದು ದಿನ ನಾನು ಕೆಲಸದಿಂದ ಬಂದು ಮೆಟ್ಟಿಲ ಮೇಲೆ ಕೂತಾಗ ತಾನಾಗಿ ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟಿತು. ಅದು ಎಲ್ಲವನ್ನೂ ಮರೆತಿತ್ತು. ನಾನು ಮೆಲ್ಲಗೆ ಕಾಲು ಎಳೆದುಕೊಂಡೆ. ಅದರ ಪ್ರೀತಿಯನ್ನು ತೆಗೆದುಕೊಳ್ಳಲು ನನಗೆ ಯಾವ ಹಕ್ಕೂ ಇರಲಿಲ್ಲ.

ಎಪ್ಪತ್ತರ ದಶಕ ಅರ್ಧ ಕಳೆದಾಗ, ಒಂದು ಚಳಿಗಾಲದ ಬೆಳಿಗ್ಗೆ, ಅದು ಏಳಲಿಲ್ಲ. ಕಾಯಿಲೆ ಏನೂ ಇರಲಿಲ್ಲ, ವಯಸ್ಸಾಗಿತ್ತು. ಹೆಂಡತಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಆಜಿ ಹಿತ್ತಲಲ್ಲಿ ಜಾಗ ತೋರಿಸಿದಳು. ನಾನು ಹಾರೆ ಹಿಡಿದೆ. "ಬಿಡ್ರಿ, ನಾ ಮಾಡ್ತೀನಿ" ಎಂದು ಹೆಂಡತಿ ನನ್ನ ಕೈಯಿಂದ ಹಾರೆ ತೆಗೆದುಕೊಂಡಳು. ಆರು ವರ್ಷದಲ್ಲಿ ಅವಳು ನನಗೆ ಬೇಡ ಎಂದು ನೇರವಾಗಿ ಹೇಳಿದ ಮಾತು ಅದೊಂದೇ.

ಮರುವರ್ಷ ಓಝರ್‌ನ ವಸಾಹತಿನಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಮೂರು ಕೋಣೆ, ಮುಂದೆ ಹೂವಿನ ಗಿಡ ಹಾಕಲು ಜಾಗ. ಗೆಳೆಯರು ಬಂದು ಅದೃಷ್ಟವಂತ ಎಂದರು. ಹೆಂಡತಿ ಒಂದು ಕೋಣೆಯಲ್ಲಿ ಮಕ್ಕಳ ಜೊತೆ ಮಲಗುತ್ತಿದ್ದಳು, ನಾನು ಇನ್ನೊಂದರಲ್ಲಿ.

ಅಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ ಒಂದು ದಿನ ಅವಳೇ ಅಂದಳು. "ಅಕ್ಕಾರ ಸಮಾಧಿಗೆ ಒಂದು ಕಲ್ಲರೆ ಇಟ್ಟು ಬರ್ರಿ. ಇಷ್ಟು ವರ್ಷ ಆಯ್ತು." ಅಷ್ಟು ಮಾತು ನನ್ನ ಜೊತೆ ಆಡಿದಳಲ್ಲ ಎಂದು ಮಾರನೆಯ ದಿನವೇ ಹೊರಟೆ.

ಔರಂಗಾಬಾದ್ ಬೆಳೆದಿತ್ತು. ಓಣಿಯಲ್ಲಿ ಅಕ್ಕನ ಕೋಣೆಯಿದ್ದ ಕಡೆ ಸೈಕಲ್ ರಿಪೇರಿಯ ಅಂಗಡಿ. ಪಕ್ಕದ ಮನೆಯ ಮುದುಕಿ ತೀರಿಕೊಂಡಿದ್ದಳು, ಮಕ್ಕಳು ಹೈದರಾಬಾದಿಗೆ ಹೋದರಂತೆ. ನಮ್ಮ ಸಮಾಜದ ಆ ಇಬ್ಬರು ಹಿರಿಯರಲ್ಲಿ ಒಬ್ಬರು ಇಲ್ಲ, ಇನ್ನೊಬ್ಬರಿಗೆ ನೆನಪಿಲ್ಲ. ರುದ್ರಭೂಮಿಗೆ ಒಬ್ಬನೇ ಹೋದೆ. ಸುತ್ತಲೂ ಹೊಸ ಮನೆಗಳು ಎದ್ದಿದ್ದವು. ಆ ಕಡೆ ಈ ಕಡೆ ಹೊಸ ಸಮಾಧಿಗಳು. ನಡುವೆ ಮಳೆಗೆ ಕುಸಿದು ನೆಲಕ್ಕೆ ಸಮವಾದ ಜಾಗಗಳು, ಮುಳ್ಳುಗಿಡ, ಒಣಹುಲ್ಲು. ಬೇವಿನ ಮರದ ಹತ್ತಿರ ಎಂದು ನೆನಪಿತ್ತು. ಬೇವಿನ ಮರಗಳು ನಾಲ್ಕಿದ್ದವು. ಮಧ್ಯಾಹ್ನದ ಬಿಸಿಲಲ್ಲಿ ಒಂದೊಂದರ ಕೆಳಗೂ ನಿಂತೆ. ಯಾವುದೂ ಗುರುತು ಹತ್ತಲಿಲ್ಲ. ಕಲ್ಲು ಕೆತ್ತುವವನ ಬಳಿ ಹೋಗದೆ ಸಂಜೆಯ ಗಾಡಿ ಹಿಡಿದೆ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಇಟ್ರೇನ್ರಿ ಕಲ್ಲು?"

"ಇಟ್ಟೆ" ಎಂದೆ.

ಅವಳ ಮುಖ ಎಷ್ಟೋ ವರ್ಷದ ಮೇಲೆ ಸಡಿಲವಾಯಿತು. ಒಳಗೆ ಹೋಗಿ ನೀರು ತಂದು ಕೊಟ್ಟಳು. ಎದುರಿಗೆ ಕೂತು, ಕಲ್ಲು ಕರಿದೋ ಬಿಳಿದೋ, ಲಿಂಗ ಕೆತ್ತಿಸಿದಿರೋ, ಎಷ್ಟು ಎತ್ತರ ಎಂದೆಲ್ಲ ಕೇಳಿದಳು. ನಾನು ಒಂದೊಂದಕ್ಕೂ ಉತ್ತರ ಹೇಳಿದೆ.

"ದೀಪಾವಳಿ ರಜಾದಾಗ ನನಗೂ ಮಕ್ಕಳಿಗೂ ಕರ್ಕೊಂಡು ಹೋಗ್ರಿ. ನನಗ ಅಲ್ಲಿ ಕೂತು ಅಕ್ಕಾರ ಜೋಡಿ ನಾಲ್ಕ್ ಮಾತು ಆಡೂದದ" ಎಂದಳು.

ಹೋಗೋಣ ಎಂದೆ.